ನೀರಿನ ಪರೀಕ್ಷೆಗೆ ಹಣ ಕೊಡತಕ್ಕವರು ಯಾರು?

ಕುಡಿಯುವ ನೀರು ಶುದ್ಧವೇ ಅಲ್ಲವೇ ಎಂದು ತಿಳಿಯುವ ಹಕ್ಕು ಕುಡಿಯುವವನಿಗೆ ಉಂಟಷ್ಟೆ. ಆದರೆ ಹಾಗೆ ತಿಳಿಯುವುದಕ್ಕೆ ತಗಲುವ ವೆಚ್ಚವನ್ನು ಭರಿಸತಕ್ಕವರು ಯಾರು? ನೀರನ್ನು ಒದಗಿಸುವ ನಗರಸಭೆಯೇ, ಕುಡಿಯುವ ಪ್ರಜೆಯೇ? ಮೇಲ್ನೋಟಕ್ಕೆ ಇದು ಲೆಕ್ಕಪತ್ರದ ಪ್ರಶ್ನೆ. ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ಅಮೆರಿಕದ ಫ್ಲಿಂಟ್ ನಗರದ ವೃತ್ತಾಂತವನ್ನು ಓದಿದ ಮೇಲೆ ಇದು ಧರ್ಮಾಧರ್ಮದ ಪ್ರಶ್ನೆಯೆಂದು ನಮಗೆ ತೋರಿತು. ಅದರಲ್ಲಿಯೂ ಉಪಾಧ್ಯಾಯರಾದ ನಮ್ಮನ್ನು ಚುಚ್ಚುವ ಪ್ರಶ್ನೆ.

ಮಿಷಿಗನ್ ಸಂಸ್ಥಾನದ ಈ ನಗರದಲ್ಲಿ ಸುಮಾರು ಒಂದು ಲಕ್ಷ ಜನರಿದ್ದರು. ಮೋಟಾರು ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ ಮೇಲೆ ಊರು ಬಡವಾಯಿತು. ಆಡಳಿತವು ಸಂಸ್ಥಾನ ಸರಕಾರವು ನೇಮಿಸಿದ ಅಧಿಕಾರಿಯ ಕೈಸೇರಿತು. ಖರ್ಚನ್ನು ಉಳಿಸಬೇಕೆಂದು, ಡೆಟ್ರಾಯಿಟ್ ನಗರದಿಂದ ಕೊಳ್ಳುತ್ತಿದ್ದ ಸರೋವರದ ನೀರನ್ನು ಬಿಟ್ಟು, 2014ನೆಯ ಇಸವಿ ಏಪ್ರಿಲ್ ತಿಂಗಳಿನಿಂದ ಫ್ಲಿಂಟ್ ನದಿಯ ನೀರನ್ನೇ ನಲ್ಲಿಗಳಿಗೆ ಹರಿಸಲಾಯಿತು. ಆ ನೀರಿಗೆ ಲೋಹವನ್ನು ಕೊರೆಯುವ ಗುಣ ಹೆಚ್ಚು. ಅದನ್ನು ತಡೆಯುವುದಕ್ಕಾಗಿ ಬೆರೆಸತಕ್ಕ ಫಾಸ್ಫೇಟನ್ನು ಬೆರೆಸಲಿಲ್ಲ. ಹಳೆಯ ಕೊಳವೆಗಳ ಸೀಸವು ಕರಗಿ ನೀರಿಗಿಳಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಜನರಲ್ ಮೋಟಾರ್ಸ್ ಕಂಪನಿಯವರು, ತಮ್ಮ ಯಂತ್ರದ ಭಾಗಗಳು ತುಕ್ಕು ಹಿಡಿಯುತ್ತವೆಂದು ಈ ನೀರನ್ನು ತೊರೆದರು. ಕಬ್ಬಿಣಕ್ಕೆ ಒಗ್ಗದ ನೀರನ್ನು ಮಕ್ಕಳು ಮುಂದೆಯೂ ಒಂದು ವರ್ಷ ಕುಡಿದರು. 2015ರ ಜುಲೈಯಲ್ಲಿ ಮೇಯರು ಟೆಲಿವಿಷನ್ನಿನಲ್ಲಿ ಅದನ್ನು ತಾವೇ ಕುಡಿದು ತೋರಿಸಿದರು. ಅದರಿಂದ ಏನು ಸಿದ್ಧವಾಯಿತೋ ನಾವರಿಯೆವು. ಸೀಸಕ್ಕೆ ನೀರಿನಲ್ಲಿ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ನಮ್ಮ ಮಡಕಶಿರಾ ಸೀಮೆಯ ಬಾವಿಗಳ ಫ್ಲೋರೈಡು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಯನ್ನಾದರೂ ಎಳೆದು ತನ್ನ ಇರವನ್ನು ಸಾರುತ್ತದೆ. ಮಗುವಿನ ಮೆದುಳಿಗೆ ಕೇಡನ್ನು ತರುವ ಸೀಸಕ್ಕೆ ಅಷ್ಟು ಕರುಣೆಯೂ ಇಲ್ಲ.

ಹಾಗಾದರೆ ಪರೀಕ್ಷೆಯೇ ನಡೆಯಲಿಲ್ಲವೇ? ನಡೆಯಿತು. ಒಂದು ಲೀಟರಿಗೆ 15 ಮೈಕ್ರೋಗ್ರಾಂ, ಎಂದರೆ ನೂರು ಕೋಟಿ ಭಾಗಗಳಲ್ಲಿ 15 ಭಾಗ, ಎಂಬುದು ಅಂದಿನ ಮಿತಿ. ಪರೀಕ್ಷಿಸಿದ ಮನೆಗಳಲ್ಲಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚಿನವು ಈ ಮಿತಿಯನ್ನು ಮೀರಿದರೆ ಸರಬರಾಜು ಮಾಡುವವರು ಕ್ರಮ ಕೈಕೊಳ್ಳಬೇಕು. 2015ರ ಮೊದಲ ಆರು ತಿಂಗಳಲ್ಲಿ 71 ಮನೆಗಳ ನೀರನ್ನು ಪರೀಕ್ಷಿಸಿದರು. ಅವುಗಳಲ್ಲಿ ಎರಡನ್ನು, ನಿಯಮಕ್ಕೆ ಹೊಂದವೆಂದು ಕಾರಣ ಹೇಳಿ, ಪಟ್ಟಿಯಿಂದ ತೆಗೆದರು. ಉಳಿದ 69ರ ಲೆಕ್ಕವು ಮಿತಿಯೊಳಗೆ ನಿಂತಿತು. 71ರ ಲೆಕ್ಕವು ನಿಲ್ಲುತ್ತಿರಲಿಲ್ಲ. ಬಿಟ್ಟ ಎರಡರಲ್ಲೊಂದು ಲೀಆನ್ ವಾಲ್ಟರ್ಸ್ ಎಂಬ ತಾಯಿಯ ಮನೆಯದು. ಅದರಲ್ಲಿದ್ದ ಸೀಸ 104 ಮೈಕ್ರೋಗ್ರಾಂ.

ಆ ತಾಯಿಯು ವರ್ಜೀನಿಯಾ ಟೆಕ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮಾರ್ಕ್ ಎಡ್ವರ್ಡ್ಸ್ ಅವರ ಮೊರೆಹೊಕ್ಕಳು. 2015ರ ಬೇಸಗೆಯ ಕೊನೆಯಲ್ಲಿ ಅಲ್ಲಿಂದ ಸುಮಾರು 300 ಪರೀಕ್ಷಾ ಪೆಟ್ಟಿಗೆಗಳು ಫ್ಲಿಂಟಿಗೆ ಬಂದವು. ಒಂದೊಂದರಲ್ಲಿಯೂ ಮೂರು ಸೀಸೆಗಳು. ಆರು ಗಂಟೆಗಳಿಗೆ ಕಡಮೆಯಿಲ್ಲದಂತೆ ನಲ್ಲಿಯನ್ನು ಮುಟ್ಟದೆ, ತಿರುಗಿಸಿದೊಡನೆ ಬರುವ ಮೊದಲ ಲೀಟರನ್ನು ಹಿಡಿಯಬೇಕು. ಮುಕ್ಕಾಲು ನಿಮಿಷ ಹರಿದ ಮೇಲೆ ಎರಡನೆಯದು, ಎರಡು ನಿಮಿಷದ ಮೇಲೆ ಮೂರನೆಯದು. ಹಿಡಿದವರು ಆ ಮನೆಗಳ ಜನರೇ. 250ಕ್ಕೂ ಹೆಚ್ಚು ಪೆಟ್ಟಿಗೆಗಳು ಹಿಂದಿರುಗಿದವು. ಇದಕ್ಕೆಲ್ಲ ಹಣ? ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಒಂದು ಸಣ್ಣ ಅನುದಾನ ದೊರೆಯಿತು; ಮಿಕ್ಕ ಭಾರಕ್ಕೆ ಪ್ರಾಧ್ಯಾಪಕರ ಕೈಯ ಹಣ, ವಿದ್ಯಾರ್ಥಿಗಳ ಬಿಟ್ಟಿ ದುಡಿಮೆ, ಆಮೇಲೆ ಸಾರ್ವಜನಿಕರ ವಂತಿಗೆ. ಸೀಸವು ಮಿತಿಯನ್ನು ಮೀರಿದೆಯೆಂದು ಫಲಿತಾಂಶ ಹೇಳಿತು. ಸೆಪ್ಟೆಂಬರಿನಲ್ಲಿ ವೈದ್ಯೆ ಮೋನಾ ಹನ್ನಾ-ಅತೀಷಾ ಅವರು, ರಕ್ತದಲ್ಲಿ ಸೀಸ ಏರಿದ ಎಳೆಯ ಮಕ್ಕಳ ಪ್ರಮಾಣವು ನೂರಕ್ಕೆ 2.4ರಿಂದ 4.9ಕ್ಕೆ ಹೋಗಿದೆಯೆಂದು ತೋರಿಸಿಕೊಟ್ಟರು. ಅಕ್ಟೋಬರಿನಲ್ಲಿ ಡೆಟ್ರಾಯಿಟಿನ ನೀರು ಮರಳಿ ಬಂದಿತು. 2021ರಲ್ಲಿ ನ್ಯಾಯಾಲಯವು ಒಪ್ಪಿದ ಪರಿಹಾರದ ಮೊತ್ತ 62 ಕೋಟಿ 60 ಲಕ್ಷ ಡಾಲರು. ಸೀಸೆಗಳ ಬೆಲೆಯನ್ನು ಇದರೊಡನೆ ಹೋಲಿಸುವ ಲೆಕ್ಕವನ್ನು ವಿದ್ಯಾರ್ಥಿಗಳಿಗೇ ಬಿಡುತ್ತೇವೆ.

ಇನ್ನು ವಿಚಾರಕ್ಕೆ ಬರೋಣ. ವಂತಿಗೆಯೆತ್ತಿ ನೀರನ್ನು ಪರೀಕ್ಷಿಸಿದುದು ಸ್ತುತ್ಯವೆಂದು ಹಲವರು ಹೇಳಿಯಾರು. ನಾವು ಪೂರ್ತಿಯಾಗಿ ಒಪ್ಪೆವು. ಪ್ರಜೆಯು ತೆರಿಗೆಯನ್ನೂ ನೀರಿನ ಹಣವನ್ನೂ ತೆತ್ತಿರುತ್ತಾನೆ. ಮೂರನೆಯ ಬಾರಿ ಸತ್ಯಕ್ಕಾಗಿಯೂ ತೆರಬೇಕೆಂದರೆ, ತೆರಲಾರದ ಕೇರಿಗೆ ಸತ್ಯವೇ ಇಲ್ಲವೆಂದಾಯಿತು. ಒಬ್ಬ ತಾಯಿಗೆ ಒಬ್ಬ ಪ್ರಾಧ್ಯಾಪಕ ದೊರೆತನು. ದೊರೆಯದ ಊರುಗಳೆಷ್ಟೋ! ಆದುದರಿಂದ ವೆಚ್ಚವು ಸರಕಾರದ್ದೇ ಆಗಬೇಕು.

ಆದರೆ ಇಲ್ಲಿ ತೊಡಕೊಂದಿದೆ. ನೀರನ್ನು ಕೊಡುವವನೇ ಹಣವನ್ನು ಕೊಟ್ಟು, ಸೀಸೆಯನ್ನು ತುಂಬಿಸಿ, ಪಟ್ಟಿಯನ್ನು ಬರೆದರೆ ಏನಾಗುವುದೆಂಬುದನ್ನು ಈಗಷ್ಟೇ ಕಂಡೆವು. ಇತ್ತ ಹೆದರಿದ ಜನರು ಹಣ ಕೂಡಿಸಿದರೆ ಅವರಿಗೂ ಒಂದು ಉತ್ತರದ ಮೇಲೆ ಆಸೆಯಿರುತ್ತದೆ. ಅಧಿಕಾರಿಗೆ ನೀರು ನಿರ್ಮಲವೆಂದು ಬೇಕು, ನೊಂದವನಿಗೆ ವಿಷವೆಂದು ಬೇಕು. ಹಣವು ಯಾರದೇ ಆಗಲಿ, ಯಾವ ಮನೆಗಳು, ಎಷ್ಟು ಸೀಸೆಗಳು ಎಂಬುದು ಫಲ ತಿಳಿಯುವುದಕ್ಕೆ ಮುನ್ನವೇ ನಿಶ್ಚಯವಾಗಿರಬೇಕು. ತಿಳಿದ ಮೇಲೆ ಒಂದನ್ನೂ ತೆಗೆಯಕೂಡದು. ಕುಡಿಯುವವನ ಕೈಯೂ ಆ ಕೆಲಸದಲ್ಲಿರಬೇಕು. ನಮ್ಮ ದೇಶದಲ್ಲಿ 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಊರಿಗೆ ಐವರು ಸ್ತ್ರೀಯರಿಗೆ ನೀರನ್ನು ಪರೀಕ್ಷಿಸುವ ಶಿಕ್ಷಣವನ್ನು ಕೊಡಬೇಕೆಂದಿರುವುದು ಈ ದೃಷ್ಟಿಯಿಂದ ನಮಗೆ ಸರಿಯೆನಿಸುತ್ತದೆ.

ಆ ಎರಡು ಮನೆಗಳ ಸಂಗತಿಯನ್ನು ಓದಿದಾಗ ನಾವು ಪುಸ್ತಕವನ್ನು ಮುಚ್ಚಿಟ್ಟೆವು. ಉಪಾಧ್ಯಾಯ ಬಂಧುಗಳು ಕಾರಣವನ್ನು ಊಹಿಸಬಲ್ಲರು. ನಾವು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಶಾಲೆಗೆ ತನಿಖೆ ಬರುವುದಿತ್ತು. ಐದನೆಯ ತರಗತಿಯಲ್ಲಿ ಇಬ್ಬರಿಗೆ ಓದು ಬರುತ್ತಿರಲಿಲ್ಲ. "ನಾಳೆ ಒಂದು ದಿನ ಮನೆಯಲ್ಲಿರಪ್ಪಾ" ಎಂದು ನಾವೇ ಹೇಳಿ ಕಳಿಸಿದೆವು. ತನಿಖಾಧಿಕಾರಿಗಳು ತರಗತಿಯ ಓದನ್ನು ಮೆಚ್ಚಿ ಪುಸ್ತಕದಲ್ಲಿ ಬರೆದುಹೋದರು. ಅವರು ಓದಿಸಿದವರ ಸಂಖ್ಯೆಯಾಗಲಿ, ಓದಿದ ರೀತಿಯಾಗಲಿ ಸುಳ್ಳಲ್ಲ. ಮಧ್ಯಾಹ್ನ ಕಿಟಕಿಯಿಂದ ನೋಡಿದರೆ ಆ ಇಬ್ಬರೂ ಮನೆಗೆ ಹೋಗದೆ, ಗೋಡೆಯಾಚೆ ಹುಣಸೆಯ ಮರದಡಿ, ಚೀಲವನ್ನು ತೊಡೆಯ ಮೇಲಿರಿಸಿಕೊಂಡು ಕುಳಿತಿದ್ದರು.