ಇಂದಿನ ಧಮ್ಮ ಚಿಂತನೆ: ಫೋನು ಕೇಳಿದರೆ ಅದು ತಣ್ಹಾ ಆಗುತ್ತದೆಯೇ?



ಹೋದ ಭಾನುವಾರ ಓದು ಮುಗಿಸಿ ಟೀ ಕುಡಿಯುವಾಗ ಒಬ್ಬ ಹುಡುಗ ತನ್ನ ಹೊಸ ಫೋನಿನ ಬಗ್ಗೆ ಗೊಣಗಿದ. ಅಷ್ಟೊಂದು ದುಡ್ಡು ಕೊಟ್ಟರೂ ಅದರಲ್ಲಿ ಆಲ್ವೇಸ್ ಆನ್ ಡಿಸ್‌ಪ್ಲೇ ಇಲ್ಲವಂತೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಆಸೆಯೇ ದುಃಖಕ್ಕೆ ಮೂಲ ಅಂತ ಈಗಷ್ಟೇ ಓದಿದ್ವಲ್ಲಪ್ಪ" ಎಂದರು. ಎಲ್ಲರೂ ನಕ್ಕರು. ಹುಡುಗ ಸುಮ್ಮನಾದ. ಹಿರಿಯರ ಮೇಲೆ ನನಗೆ ಗೌರವವಿದೆ. ಆದರೆ ಆ ಮಾತು ಅಲ್ಲಿಗೇ ಮುಗಿಯಬಾರದಿತ್ತು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಅದೇನೆಂದು ಹೇಳಿಬಿಡುತ್ತೇನೆ. ಫೋನು ಲಾಕ್ ಆಗಿ ಮೇಜಿನ ಮೇಲೆ ಬಿದ್ದಿದ್ದಾಗಲೂ ಪರದೆಯಲ್ಲಿ ಗಂಟೆ, ತಾರೀಖು, ಬಂದ ಕರೆ-ಮೆಸೇಜಿನ ಗುರುತು ಮಂದವಾಗಿ ಕಾಣುತ್ತಲೇ ಇರುವ ಸೌಲಭ್ಯ ಅದು. ಓಎಲ್‌ಇಡಿ ಪರದೆಯಲ್ಲಿ ಪ್ರತಿಯೊಂದು ಚುಕ್ಕಿಯೂ ತಾನೇ ಬೆಳಗುತ್ತದೆ. ಕಪ್ಪು ಇರುವ ಕಡೆ ಚುಕ್ಕಿಗಳು ಆರಿರುತ್ತವೆ. ಹಾಗಾಗಿ ಇಡೀ ದಿನ ಗಂಟೆ ತೋರಿಸಿದರೂ ಬ್ಯಾಟರಿ ತಡೆದುಕೊಳ್ಳುತ್ತದೆ. ಎಲ್‌ಸಿಡಿ ಪರದೆಯಲ್ಲಿ ಒಂದೇ ಒಂದು ಅಂಕಿ ತೋರಿಸಬೇಕಾದರೂ ಹಿಂದಿನ ದೀಪ ಉರಿಯಬೇಕು. ಅಗ್ಗದ ಎಷ್ಟೋ ಫೋನುಗಳಲ್ಲಿ ಈ ಸೌಲಭ್ಯ ಇಲ್ಲದಿರುವುದಕ್ಕೆ ಇದು ಒಪ್ಪಬಹುದಾದ ಕಾರಣ.

ಎಲ್ಲ ಕಡೆಯೂ ಕಾರಣ ಇಷ್ಟು ಸರಳವಾಗಿಲ್ಲ. ಸ್ಯಾಮ್‌ಸಂಗ್ 2016ರಲ್ಲೇ ಗ್ಯಾಲಕ್ಸಿ ಎಸ್7ರಲ್ಲಿ ಇದನ್ನು ಕೊಟ್ಟಿತ್ತು. ಆಪಲ್ ಕೊಟ್ಟದ್ದು 2022ರಲ್ಲಿ, ಅದೂ ಐಫೋನ್ 14 ಪ್ರೊ ಸಾಲಿಗೆ ಮಾತ್ರ. ಅದೇ ದಿನ ಬಂದ ಐಫೋನ್ 14ರದ್ದೂ ಓಎಲ್‌ಇಡಿ ಪರದೆಯೇ, ನಮ್ಮ ದೇಶದಲ್ಲಿ ಆಗ ಅದರ ಬೆಲೆ 79,900 ರೂ. ಇತ್ತು. ಆದರೆ ಸದಾ ಕಾಣುವ ಗಂಟೆ ಬೇಕೆಂದರೆ 1,29,900 ರೂ. ಕೊಟ್ಟು ಪ್ರೊ ತೆಗೆದುಕೊಳ್ಳಬೇಕಿತ್ತು. ಪ್ರೊ ಪರದೆ ಸೆಕೆಂಡಿಗೆ ಒಂದೇ ಸಲ ಬದಲಾಗುವಷ್ಟು ನಿಧಾನಕ್ಕಿಳಿದು ಬ್ಯಾಟರಿ ಉಳಿಸುತ್ತದೆ, ಆಗಿನ ಸಾಮಾನ್ಯ ಮಾದರಿಯ ಪರದೆಗೆ ಅದು ಬರುತ್ತಿರಲಿಲ್ಲ ಎಂಬುದು ನಿಜ. ಅಂಥ ಪರದೆ ಇಲ್ಲದೆಯೂ ಬೇರೆ ಕಂಪನಿಗಳು ವರ್ಷಗಟ್ಟಲೆ ಕೊಟ್ಟಿದ್ದವು ಎಂಬುದೂ ಅಷ್ಟೇ ನಿಜ. ಆಪಲ್‌ನ ಸಾಮಾನ್ಯ ಮಾದರಿಗೆ ಇದು ಬಂದದ್ದು 2025ರ ಐಫೋನ್ 17ರಲ್ಲಿ. ಶಿಯೋಮಿಯ ಕೆಲವು ರೆಡ್‌ಮಿ ನೋಟ್ ಫೋನುಗಳಲ್ಲಿ ಇನ್ನೊಂದು ತಮಾಷೆ. ಹೆಸರು ಆಲ್ವೇಸ್ ಆನ್, ಆದರೆ ಪರದೆ ಮುಟ್ಟಿದರೆ 10 ಸೆಕೆಂಡು ಕಂಡು ಆರಿಹೋಗುತ್ತದೆ.

ಇದರ ಹಿಂದೆ ವ್ಯಾಪಾರದ ಲೆಕ್ಕವಿದೆ ಎಂದು ನನಗನ್ನಿಸುತ್ತದೆ. ಒಂದೇ ಕಂಪನಿ ನಾಲ್ಕು ಮೆಟ್ಟಿಲು ಕಟ್ಟುತ್ತದೆ. ಪ್ರತಿ ಮೆಟ್ಟಿಲಿನವನಿಗೂ ಮೇಲೆ ನೋಡಿದರೆ ಕೊರತೆ, ಕೆಳಗೆ ನೋಡಿದರೆ ಸಮಾಧಾನ. ಬಾಬಾಸಾಹೇಬರ ಓದುಗರಾದ ನಮಗೆ ಈ ಮೆಟ್ಟಿಲಿನ ಆಕಾರ ಎಲ್ಲೋ ನೋಡಿದಂತಿದೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಬೇಕು, ಏಕೆಂದರೆ ಫೋನಿನ ಮೆಟ್ಟಿಲನ್ನು ದುಡ್ಡಿದ್ದವನು ಹತ್ತಬಹುದು.

ಈಗ ಹಿರಿಯರ ಮಾತಿಗೆ ಬರುತ್ತೇನೆ. ಪಾಳಿಯಲ್ಲಿ ತಣ್ಹಾ ಎಂದರೆ ಬಾಯಾರಿಕೆ ಎಂದೇ ಅರ್ಥ. ಕುಡಿದಷ್ಟೂ ಹೆಚ್ಚುವ ಬಾಯಾರಿಕೆಯನ್ನು ಬುದ್ಧಗುರು ದುಃಖದ ಬೇರು ಎಂದರು. ನಾವು ಅದನ್ನು "ಆಸೆಯೇ ದುಃಖಕ್ಕೆ ಮೂಲ" ಎಂದು ಮೂರು ಪದಕ್ಕೆ ಇಳಿಸಿಕೊಂಡು, ಯಾರಾದರೂ ಏನಾದರೂ ಕೇಳಿದ ಕೂಡಲೇ ಅವರ ಬಾಯಿಗೆ ಬೀಗ ಹಾಕಲು ಬಳಸುತ್ತೇವೆ. ನಿಜವಾಗಿ ಬಾಯಾರಿದವರು ನೀರು ಕೇಳುವುದೂ ತಣ್ಹಾ ಆಗಿದ್ದರೆ 1927ರಲ್ಲಿ ಮಹಾಡ್‌ನ ಚವದಾರ್ ಕೆರೆಗೆ ಯಾರೂ ಇಳಿಯಬಾರದಿತ್ತು. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಣ್ಹಾವನ್ನು ಬಿಡಬೇಕೆಂದು ಬರೆದ ಬಾಬಾಸಾಹೇಬರೇ ಅದೇ ಪುಸ್ತಕದಲ್ಲಿ ಬಡತನದಿಂದ ದುಃಖ ಹುಟ್ಟುತ್ತದೆ ಎಂದೂ ಬರೆದರು. ಬಡತನವನ್ನು ಹೊಗಳುವ ಕೆಲಸ ಅವರು ಎಲ್ಲೂ ಮಾಡಲಿಲ್ಲ.

ಹಾಗಾದರೆ ಹುಡುಗನ ಗೊಣಗಾಟ ಯಾವುದು? ಅದನ್ನು ಅವನೇ ನೋಡಿಕೊಳ್ಳಬೇಕು, ನಾವು ತೀರ್ಪು ಕೊಡುವಂತಿಲ್ಲ. ಬೆಳಗಿನ ಜಾವ ಕೈಗೆ ಗವಸು ಹಾಕಿಕೊಂಡು ರಸ್ತೆ ಗುಡಿಸುವ ಪೌರಕಾರ್ಮಿಕರಿಗೆ ಹಾಜರಿ ಹೊತ್ತು ಮೀರಿತೇ ಎಂಬ ಆತಂಕ ಇದ್ದೇ ಇರುತ್ತದೆ. ಗವಸು ತೆಗೆಯದೆ, ಗುಂಡಿ ಒತ್ತದೆ ಗಂಟೆ ಕಂಡರೆ ಅವರಿಗೆ ಅನುಕೂಲ. ಕಿವಿ ಮಂದವಾದವರಿಗೆ ಕರೆ ಬಂದಿತ್ತೆಂಬ ಗುರುತು ಎದುರಿಗೇ ಕಂಡರೆ ಅನುಕೂಲ. ಅವರ ಬೇಡಿಕೆ ಸಿಕ್ಕ ದಿನಕ್ಕೆ ಮುಗಿಯುತ್ತದೆ. ಇನ್ನೊಬ್ಬನಿಗೆ ಅದು ಸಿಕ್ಕ ಮೇಲೂ ಮುಗಿಯುವುದಿಲ್ಲ. ಊಟಕ್ಕೆ ಕುಳಿತಾಗ, ಹೆಂಡತಿ ಮಾತಾಡುವಾಗ, ಧ್ಯಾನಕ್ಕೆ ಕಣ್ಣು ಮುಚ್ಚುವ ಮುಂಚೆ ಆ ಮಂದ ಬೆಳಕಿನ ಕಡೆ ಕಣ್ಣು ಹೋಗುತ್ತದೆ. ಫೋನನ್ನು ಎತ್ತದೆಯೇ ಗಂಟೆ ನೋಡಬಹುದಾದ್ದರಿಂದ ಫೋನಿನ ಚಟ ಕಡಿಮೆಯಾಗುತ್ತದೆ ಎಂದು ವಾದಿಸುವವರಿದ್ದಾರೆ. ಕೆಲವರಿಗೆ ಹಾಗೂ ಆಗಬಹುದು. ರಾತ್ರಿ ಮಲಗುವ ಕೋಣೆಯಲ್ಲಿ ಮಾತ್ರ ಅದನ್ನು ಆರಿಸಿಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಕೇಳುವುದರಿಂದ ಏನೂ ಆಗುವುದಿಲ್ಲ ಎಂಬುದೂ ಸುಳ್ಳು. ಒನ್‌ಪ್ಲಸ್ ಕಂಪನಿ 2018ರಲ್ಲಿ ಒನ್‌ಪ್ಲಸ್ 6ರಿಂದ ಈ ಸೌಲಭ್ಯವನ್ನು ಬ್ಯಾಟರಿಯ ಕಾರಣ ಹೇಳಿ ತೆಗೆದುಹಾಕಿತ್ತು. 2020ರಲ್ಲಿ ನಿಮಗೇನು ಬೇಕು ಹೇಳಿ ಎಂದು ಅದೇ ಕಂಪನಿ ಬಳಕೆದಾರರನ್ನು ಕೇಳಿದಾಗ ಎಲ್ಲಕ್ಕಿಂತ ಹೆಚ್ಚು ಮತ ಇದಕ್ಕೇ ಬಿತ್ತು. ಆ ವರ್ಷವೇ ಕೊಟ್ಟರು.

ಇದೇ ಜಾತಿಯ ಇನ್ನೊಂದು ಗೊಣಗಾಟವಿದೆ: ಫೋನು ಹೇಳಿದ ದಿನಕ್ಕೆ ಬರಲಿಲ್ಲ ಎಂಬುದು. ಇಲ್ಲಿ ತಣ್ಹಾಕ್ಕಿಂತ ನಾಲ್ಕನೆಯ ಶೀಲ ಹೆಚ್ಚು ಕೆಲಸಕ್ಕೆ ಬರುತ್ತದೆ. ಕೊಟ್ಟ ಮಾತಿನ ದಿನ ತಪ್ಪಿದರೆ ಅದು ಮುಸಾವಾದವೇ? ಸ್ಯಾಮ್‌ಸಂಗ್‌ನದೇ ಎರಡು ಉದಾಹರಣೆ ಸಾಕು. 2016ರ ಆಗಸ್ಟ್‌ನಲ್ಲಿ ನೋಟ್ 7 ಹೇಳಿದ ಹೊತ್ತಿಗೆ ಬಂತು. ಬ್ಯಾಟರಿ ಬಿಸಿಯಾಗಿ ಹೊತ್ತಿಕೊಂಡಿತು. ವಾಪಸ್ ಪಡೆದು ಬದಲಿ ಕೊಟ್ಟವೂ ಹೊತ್ತಿಕೊಂಡವು. ಅಕ್ಟೋಬರ್‌ನಲ್ಲಿ ತಯಾರಿಕೆಯನ್ನೇ ನಿಲ್ಲಿಸಿದರು. ಭಾರತದಲ್ಲಿ ಅದರ ಮಾರಾಟ ಶುರುವಾಗಲೇ ಇಲ್ಲ. 2019ರಲ್ಲಿ ಮಡಚುವ ಫೋನು, ಗ್ಯಾಲಕ್ಸಿ ಫೋಲ್ಡ್, ಏಪ್ರಿಲ್ 26ಕ್ಕೆ ಬರಬೇಕಿತ್ತು. ಪರೀಕ್ಷೆಗೆಂದು ಪತ್ರಕರ್ತರಿಗೆ ಕೊಟ್ಟ ಕೆಲವು ಫೋನುಗಳ ಪರದೆ ಕೆಟ್ಟವು. ಕಂಪನಿ ಬಿಡುಗಡೆಯನ್ನು ತಡೆದು, ಪರದೆಯ ಮೇಲಿನ ಪದರವನ್ನೂ ಕೀಲನ್ನೂ ಸರಿಮಾಡಿ ಸೆಪ್ಟೆಂಬರ್‌ನಲ್ಲಿ ಮಾರಿತು. ಮುಖಭಂಗವಾದರೂ ತಡೆದದ್ದೇ ಸರಿ. ದಿನ ತಪ್ಪಿತು ಎಂಬ ಒಂದೇ ಕಾರಣಕ್ಕೆ ಶೀಲ ತಪ್ಪುವುದಿಲ್ಲ. ಆಗುವುದಿಲ್ಲ ಎಂದು ಗೊತ್ತಿದ್ದೂ ದಿನ ಹೇಳಿದರೆ, ಅಥವಾ ಕಾರಣ ಮುಚ್ಚಿಟ್ಟರೆ ತಪ್ಪುತ್ತದೆ.

ಆದರೆ ತಡವಾದಾಗ ಕಾಯುವವರು ಯಾರು ಎಂಬುದನ್ನು ಮರೆಯಬಾರದು. ಒಂದೂವರೆ ಲಕ್ಷದ ಮಡಚುವ ಫೋನಿಗೆ ಐದು ತಿಂಗಳು ಕಾದವರ ಜೇಬಿನಲ್ಲಿ ಹಳೆಯದೊಂದು ಫೋನು ಇದ್ದೇ ಇತ್ತು.

2021ನ್ನು ನೆನಪಿಸಿಕೊಳ್ಳಿ. ಎರಡನೇ ಅಲೆ, ಶಾಲೆ ಮುಚ್ಚಿತ್ತು. ಹಿಂದಿನ ವರ್ಷ ವಿದ್ಯಾಗಮದಲ್ಲಿ ಮೇಷ್ಟ್ರುಗಳು ಊರೂರಿಗೆ ಬಂದು ಮರದಡಿ, ಜಗಲಿಯ ಮೇಲೆ ಪಾಠ ಮಾಡಿದ್ದರು. ಅದೂ ಅಕ್ಟೋಬರ್‌ನಲ್ಲಿ ನಿಂತುಹೋಗಿತ್ತು. ನಮ್ಮ ಕೇರಿಗಳಲ್ಲಿ ಒಂದು ಫೋನಿಗೆ ಮೂರು ಮಕ್ಕಳು. ಅಪ್ಪ ಕೆಲಸಕ್ಕೆ ಹೋದರೆ ಪಾಠವೂ ಅವನ ಜೇಬಿನಲ್ಲೇ ಹೋಗುತ್ತಿತ್ತು. ಆಗ ಜೂನ್ 24ರಂದು ರಿಲಯನ್ಸ್ ವಾರ್ಷಿಕ ಸಭೆಯಲ್ಲಿ ಒಂದು ಘೋಷಣೆ ಬಂತು: ಗೂಗಲ್ ಜೊತೆ ಸೇರಿ ಬಡವರ ಕೈಗೆಟುಕುವ ಸ್ಮಾರ್ಟ್‌ಫೋನು, ಹೆಸರು ಜಿಯೋಫೋನ್ ನೆಕ್ಸ್ಟ್, ಸೆಪ್ಟೆಂಬರ್ 10ರ ಗಣೇಶನ ಹಬ್ಬಕ್ಕೆ ಬಿಡುಗಡೆ. ಪರದೆಯ ಮೇಲಿನ ಬರಹವನ್ನು ಓದಿ ಹೇಳುತ್ತದೆ, ಬೇರೆ ಭಾಷೆಗೆ ಅನುವಾದಿಸುತ್ತದೆ ಎಂದರು. ಹಬ್ಬದ ಹೊತ್ತಿಗೆ ಫೋನು ಬರಲಿಲ್ಲ. ಇನ್ನೂ ಪರೀಕ್ಷೆ ನಡೆಯುತ್ತಿದೆ, ಜಗತ್ತಿನಾದ್ಯಂತ ಚಿಪ್ ಕೊರತೆಯಿದೆ, ದೀಪಾವಳಿಗೆ ಕೊಡುತ್ತೇವೆ ಎಂದು ಕಂಪನಿ ಹೇಳಿತು. ಚಿಪ್ ಕೊರತೆ ಆಗ ನಿಜವಾಗಿಯೂ ಇತ್ತು, ಕಾರು ಕಾರ್ಖಾನೆಗಳೇ ನಿಂತಿದ್ದವು. ಹಾಗಾಗಿ ನಾನು ಅದನ್ನು ಸುಳ್ಳು ಎನ್ನುವುದಿಲ್ಲ.

ಆದರೂ ಆ ಎರಡು ತಿಂಗಳು, ಇಗೋ ಬಂತು ಎಂದು ಸಾಲ ಮಾಡದೆ ಕಾದ ತಾಯಿಯೊಬ್ಬಳು, "ಯಾವಾಗ ಸರ್ ಬರೋದು?" ಎಂದು ಅಂಗಡಿಯಲ್ಲಿ ಕೇಳಿದ್ದಳು ಎಂದಿಟ್ಟುಕೊಳ್ಳಿ. ಅವಳಿಗೂ ನಾವು ಆಸೆಯೇ ದುಃಖಕ್ಕೆ ಮೂಲ ತಾಯಿ ಎಂದು ಹೇಳುತ್ತೇವೆಯೇ? ಹೇಳಲು ನಾಲಗೆ ಏಳುವುದಿಲ್ಲ. ಹುಡುಗನಿಗೆ ಹೇಳುವಾಗ ಎದ್ದಿತು, ಏಕೆಂದರೆ ಅವನ ಕೊರತೆ ನಮ್ಮ ಕಣ್ಣಿಗೆ ಚಿಕ್ಕದಾಗಿ ಕಂಡಿತು. ಅಂದರೆ ನಾವು ಅಳೆದದ್ದು ತಣ್ಹಾವನ್ನಲ್ಲ, ವಸ್ತುವಿನ ಬೆಲೆಯನ್ನು. ಪಾಳಿಯ ಉಪೇಕ್ಖಾ ಎಂದರೆ ಸಮಚಿತ್ತ. ಅದೇ ಪದ ಕನ್ನಡಕ್ಕೆ ಬಂದು ಉಪೇಕ್ಷೆಯಾಗಿ, ಅಸಡ್ಡೆ ಎಂಬ ಅರ್ಥ ಪಡೆದಿದೆ. ಧಮ್ಮದ ಹೆಸರಲ್ಲಿ ಮಾತಾಡುವಾಗ ನಮ್ಮ ಬಾಯಲ್ಲಿರುವುದು ಈ ಎರಡರಲ್ಲಿ ಯಾವುದು ಎಂದು ಹಿರಿಯರೂ ನಾವೂ ಒಮ್ಮೆ ನೋಡಿಕೊಳ್ಳಬೇಕು.

ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯವರೆಗಿನ ಶಾಲೆಗಳು ಅಕ್ಟೋಬರ್ 25ಕ್ಕೆ ತೆರೆದವು. ಜಿಯೋಫೋನ್ ನೆಕ್ಸ್ಟ್ ಮಾರಾಟಕ್ಕೆ ಬಂದದ್ದು ನವೆಂಬರ್ 4ಕ್ಕೆ, ಗಂಟೆ ಬಾರಿಸಿ 10 ದಿನವಾದ ಮೇಲೆ. ಬೆಲೆ 6,499 ರೂ. ಎಲ್‌ಸಿಡಿ ಪರದೆ, ಆದ್ದರಿಂದ ಆಲ್ವೇಸ್ ಆನ್ ಡಿಸ್‌ಪ್ಲೇ ಇರಲಿಲ್ಲ. ಅದಕ್ಕಾಗಿ ಯಾರೂ ಗೊಣಗಿದ್ದು ನನಗೆ ಕೇಳಿಸಲಿಲ್ಲ. ಒಟ್ಟಿಗೆ ಕೊಡಲಾಗದವರಿಗೆ ಕಂತಿನ ಯೋಜನೆಗಳಿದ್ದವು. ಅವುಗಳಲ್ಲಿ ತಿಂಗಳ ಕಂತು ಎಲ್ಲಕ್ಕಿಂತ ಕಡಿಮೆ ಇದ್ದ ಯೋಜನೆಯ ಹೆಸರೇ ಆಲ್ವೇಸ್ ಆನ್. ಮೊದಲಿಗೆ 1,999 ರೂ., ಅದರ ಮೇಲೆ 501 ರೂ. ಶುಲ್ಕ, ಆಮೇಲೆ ತಿಂಗಳಿಗೆ 300 ರೂ.ನಂತೆ 24 ತಿಂಗಳು. ತಿಂಗಳಿಗೆ 5 ಜಿಬಿ ಡೇಟಾ, 100 ನಿಮಿಷ ಮಾತು ಅದರಲ್ಲೇ ಸೇರಿತ್ತು. ಎಲ್ಲ ಕೂಡಿದರೆ 9,700 ರೂ. ಆ ದೀಪಾವಳಿಗೆ ಕೊಂಡವರ ಕಂತು ಮುಗಿಯುವಾಗ 2023ರ ಕೊನೆ. ಫೋನು ಬರಲೆಂದು ಕಾದಿದ್ದ ಐದನೇ ತರಗತಿಯ ಮಗು ಆಗ ಏಳನೆಯದರಲ್ಲಿ ಓದುತ್ತಿತ್ತು.