ಮತವಿಲ್ಲದವನ ಆತ್ಮಸಾಕ್ಷಿ

ದಾಬಸ್‌ಪೇಟೆಯ ನಮ್ಮ ಮನೆಗೆ ತಂದೆಯವರು ಒಂದು ಪತ್ರಿಕೆ ತರಿಸುತ್ತಿದ್ದರು. ಪಕ್ಕದ ಅಂಗಡಿಯ ಶೆಟ್ಟರು ಇನ್ನೊಂದನ್ನು. ಸಂಜೆ ಅವು ಅದಲುಬದಲಾಗುತ್ತಿದ್ದವು. ಆಮೇಲೆ ಜಗಲಿಯ ಮೇಲೆ ವಾದ. ಅದಕ್ಕೆ ಅವರೇ ಮಾಡಿಕೊಂಡ ಕಟ್ಟಳೆ ಒಂದಿತ್ತು: ಎದುರಿನವನ ಮಾತನ್ನು ಖಂಡಿಸುವ ಮುನ್ನ, ಅವನು ತಲೆದೂಗುವಂತೆ ಅದನ್ನು ಹೇಳಿತೋರಿಸಬೇಕು. “ನಾನಂದದ್ದು ಅದಲ್ಲ ಮೇಷ್ಟ್ರೇ” ಎಂದು ಶೆಟ್ಟರೆಂದರೆ ತಂದೆಯವರು ಮತ್ತೆ ಮೊದಲಿನಿಂದ ಆರಂಭಿಸಬೇಕು.

ಅವರಿಗೆ ಎಂದೂ ಹಳತಾಗದ ವಿಷಯ 1969ರ ರಾಷ್ಟ್ರಪತಿ ಚುನಾವಣೆ. ಆ ಜುಲೈಯಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ಸಿನ ಹಿರಿಯರು ಪ್ರಧಾನಿ ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿದರು. ಹಿಂದೆ ಮೈಸೂರಿನ ರಾಜ್ಯಪಾಲರಾಗಿದ್ದ ವಿ. ವಿ. ಗಿರಿಯವರು ಸ್ವತಂತ್ರರಾಗಿ ನಿಂತರು. ರೆಡ್ಡಿಯವರ ನಾಮಪತ್ರಕ್ಕೆ ತಾವೇ ಸಹಿ ಹಾಕಿದ್ದ ಇಂದಿರಾ, ಕೊನೆಗೆ ಆತ್ಮಸಾಕ್ಷಿಯಂತೆ ಮತ ನೀಡಿ ಎಂದರು.

“ಸಹಿ ಹಾಕಿ ಕೈಬಿಡುವುದು ಯಾವ ಆತ್ಮಸಾಕ್ಷಿ?” ಎಂದು ತಂದೆಯವರು. “ಅಧ್ಯಕ್ಷ ನಿಜಲಿಂಗಪ್ಪನವರು ಜನಸಂಘ, ಸ್ವತಂತ್ರ ಪಕ್ಷಗಳ ಎರಡನೆಯ ಪ್ರಾಶಸ್ತ್ಯದ ಮತ ಕೇಳಿದ್ದು ಯಾವ ಶಿಸ್ತು?” ಎಂದು ಶೆಟ್ಟರು.

ಕೊನೆಯ ಎಣಿಕೆಯಲ್ಲಿ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಮತಮೌಲ್ಯ. 1977ರಲ್ಲಿ ಅದೇ ರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಯಾದರು. ಹಾಗಾದರೆ ಮೊದಲು ಅಷ್ಟು ಕಾವೇರಿದ ಬರಹಗಳೆಲ್ಲ ಅಭ್ಯರ್ಥಿಯನ್ನು ಕುರಿತವೋ, ಬರೆದವರ ಬಣವನ್ನು ಕುರಿತವೋ?

ಈ ಪ್ರಶ್ನೆ ನನಗೇ ತಿರುಗಿಬಿದ್ದದ್ದು 2022ರ ಜುಲೈಯಲ್ಲಿ. ದ್ರೌಪದಿ ಮುರ್ಮು ಅವರೂ ಯಶವಂತ ಸಿನ್ಹಾ ಅವರೂ ಎದುರುಬದುರಾಗಿದ್ದ ಚುನಾವಣೆ. ಎರಡು ಲೇಖನಗಳು ಕೈಗೆ ಬಂದವು. ಒಂದಕ್ಕೆ ಅಲ್ಲಲ್ಲಿ ಮೆಚ್ಚಿಗೆಯ ಗೆರೆ ಎಳೆದೆ. ಇನ್ನೊಂದನ್ನು ಎರಡು ಪ್ಯಾರಾ ಓದಿ ಸಿಟ್ಟಿನಿಂದ ಮಡಿಸಿಟ್ಟೆ. ಮರುದಿನ ತರಗತಿಯಲ್ಲಿ ಕಾವ್ಯಮೀಮಾಂಸೆಯ ಪಾಠ. ಧ್ವನಿಯನ್ನು ಸ್ಥಾಪಿಸಹೊರಟ ಆನಂದವರ್ಧನ, ಧ್ವನಿಯೇ ಇಲ್ಲವೆನ್ನುವವರ ವಾದವನ್ನು ಮೊದಲು ಮುಂದಿಡುತ್ತಾನೆ. ಇದೇ ಪೂರ್ವಪಕ್ಷ ಎಂದೆ. ಪಾಠ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಆ ಎರಡನೆಯ ಲೇಖನವನ್ನು ಹೆಸರಿಸಿ, ಅದರಲ್ಲಿ ಏನು ಹೇಳಿದ್ದಾರೆಂದು ಕೇಳಿದಳು. ಲೇಖಕರು ಯಾವ ಕಡೆಯವರೆಂದು ಹೇಳಿದೆ. “ಅದು ಗೊತ್ತು ಸಾರ್. ಏನು ಹೇಳಿದ್ದಾರೆ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ವಿಚಿತ್ರ ನೋಡಿ. ರಾಷ್ಟ್ರಪತಿಯ ಚುನಾವಣೆಯಲ್ಲಿ ಮತ ಹಾಕುವವರು ಚುನಾಯಿತ ಸಂಸತ್ಸದಸ್ಯರು, ಶಾಸಕರು. ನನಗಾಗಲಿ ನಿಮಗಾಗಲಿ ಮತವಿಲ್ಲ. ಗೆಲ್ಲಿಸುವ, ಸೋಲಿಸುವ ಹೊಣೆಯಿಲ್ಲದ ನಮಗೆ ಉಳಿದಿರುವುದು ತಿಳಿದುಕೊಳ್ಳುವ ಕೆಲಸ ಒಂದೇ. ಅದನ್ನೂ ಬಿಟ್ಟುಕೊಟ್ಟ ಮೇಲೆ ಪತ್ರಿಕೆ ಓದುವುದಾದರೂ ಏತಕ್ಕೆ?

ಎಲ್ಲ ಅಭಿಪ್ರಾಯವೂ ಸಮವೆಂದು ನಾನು ಹೇಳುತ್ತಿಲ್ಲ. ಶಿವಗಂಗೆಯ ಬೆಟ್ಟ ಪೂರ್ವದಿಂದ ನಂದಿಯಂತೆ, ದಕ್ಷಿಣದಿಂದ ಲಿಂಗದಂತೆ ಕಾಣುತ್ತದೆಂದು ನಮ್ಮ ಕಡೆ ಹೇಳುತ್ತಾರೆ. ರಾಜಕೀಯದ ಮಾತೆಲ್ಲ ಹಾಗೆ ಬರಿಯ ನೋಟಭೇದವಲ್ಲ; ಅಲ್ಲಿ ಸುಳ್ಳೂ ಉಂಟು. ಆದರೆ ಸುಳ್ಳನ್ನು ಸುಳ್ಳೆನ್ನುವುದಕ್ಕೂ ಒಮ್ಮೆ ಆ ಕಡೆಗೆ ನಡೆದುಹೋಗಿ ನಿಂತು ನೋಡಬೇಕು.

ಆ ರಾತ್ರಿ ಮಡಿಸಿಟ್ಟ ಪತ್ರಿಕೆಯನ್ನು ಬಿಚ್ಚಿ ಪೂರ್ತಿ ಓದಿದೆ. ನನ್ನ ಅಭಿಪ್ರಾಯ ಬದಲಾಗಲಿಲ್ಲ. ಆದರೆ ಅದರ ಒಂದು ಆಕ್ಷೇಪಕ್ಕೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಮರುದಿನ ಆ ಹುಡುಗಿಗೆ ಲೇಖನದ ವಾದವನ್ನು ಹೇಳಿತೋರಿಸಿದೆ. ಅವಳು ಓದಿಕೊಂಡೇ ಬಂದಿದ್ದಳು. “ಅವರಂದದ್ದು ಪೂರ್ತಿ ಅದಲ್ಲ ಸಾರ್” ಎಂದಳು.

ಶೆಟ್ಟರು ನೆನಪಾದರು. ಮತ್ತೆ ಮೊದಲಿನಿಂದ ಆರಂಭಿಸಿದೆ.