ಗ್ರಂಥವೆಂಬ ನಿಕ್ಷೇಪ

1988ನೆಯ ಇಸವಿಯಲ್ಲಿ ಮಾಸ್ಕೋ ನಗರದ ಸಾಹಿತ್ಯಪತ್ರಿಕೆಗಳಲ್ಲಿ ತೀರಿಹೋದ ಲೇಖಕರ ಕೃತಿಗಳು ಹೊಸ ಕೃತಿಗಳಂತೆ ಪ್ರಕಟವಾದುವು. ಪಾಸ್ತರ್‌ನಾಕನ 'ಡಾಕ್ಟರ್ ಝಿವಾಗೋ' 1957ರಲ್ಲಿಯೇ ಇಟಲಿಯಲ್ಲಿ ಅಚ್ಚಾಗಿದ್ದರೂ ಸ್ವದೇಶದಲ್ಲಿ ಬೆಳಕು ಕಂಡುದು ಆ ವರ್ಷವೇ. ಗ್ರೋಸ್‌ಮನ್ನನ 'ಜೀವನ ಮತ್ತು ವಿಧಿ'ಯ ಗತಿಯು ಇನ್ನೂ ದಾರುಣವಾದುದು. ಸ್ತಾಲಿನ್‌ಗ್ರಾದ್ ಯುದ್ಧದ ಆ ಕಥೆಯು ನಾಜಿಗಳ ಆಡಳಿತಕ್ಕೂ ಸ್ವದೇಶದ ಆಡಳಿತಕ್ಕೂ ಇರುವ ಹೋಲಿಕೆಯನ್ನು ಮುಚ್ಚಲಿಲ್ಲ. 1961ರ ಫೆಬ್ರವರಿಯಲ್ಲಿ ಗುಪ್ತ ಪೊಲೀಸರು ಅವನ ಮನೆಯನ್ನು ಹೊಕ್ಕು, ಹಸ್ತಪ್ರತಿಯನ್ನಲ್ಲದೆ ಬೆರಳಚ್ಚು ಯಂತ್ರದ ರಿಬ್ಬನ್ನನ್ನೂ ಒಯ್ದರು. (ರಿಬ್ಬನ್ನಿಗೂ ಹೆದರುವ ಪ್ರಭುತ್ವವು ಅಕ್ಷರದ ಶಕ್ತಿಯನ್ನು ಪಂಡಿತರಿಗಿಂತ ಚೆನ್ನಾಗಿ ಬಲ್ಲುದೆನ್ನಬೇಕು.) ಗ್ರಂಥವು ಅಚ್ಚಾದುದನ್ನು ಕಾಣದೆಯೇ ಅವನು 1964ರಲ್ಲಿ ತೀರಿಕೊಂಡನು.

ಆದರೆ ಲಿಪ್‌ಕಿನ್ ಎಂಬ ಕವಿಮಿತ್ರನಲ್ಲಿ ಒಂದು ಪ್ರತಿ ಅಡಗಿದ್ದಿತು. ಅದರ ಛಾಯಾಪ್ರತಿಯು ಗಡಿಯನ್ನು ದಾಟಿ 1980ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಗ್ರಂಥವಾಯಿತು.

ಇಂತಹ ಮಿತ್ರನ ಧರ್ಮವೇನೆಂಬುದು ವಿಚಾರಣೀಯ. ಮನುಸ್ಮೃತಿಯ 18 ವ್ಯವಹಾರಪದಗಳಲ್ಲಿ ಎರಡನೆಯದು ನಿಕ್ಷೇಪ; ನಂಬಿ ಇಟ್ಟುದನ್ನು ಇಟ್ಟವನಿಗೆ ಹಿಂದಿರುಗಿಸತಕ್ಕದ್ದು. ಇಟ್ಟವನೇ ಸತ್ತರೆ? ಹಣವಾದರೆ ಮಕ್ಕಳಿಗೆ ಸಲ್ಲುವುದು. ಗ್ರಂಥಕ್ಕೆ ಓದುಗನೂ ಉತ್ತರಾಧಿಕಾರಿಯೇ. ಆದುದರಿಂದ ಬಚ್ಚಿಟ್ಟುದರಿಂದಲೇ ಮಿತ್ರನ ಋಣವು ತೀರಲಿಲ್ಲ; ಅಪಾಯವನ್ನರಿತೂ ಕೈಬಿಟ್ಟು ಕೊಟ್ಟಾಗ ತೀರಿತು. ಕಡೆಗೂ ಸತ್ಯವೇ ಗೆದ್ದಿತೆಂದು ಹಿಗ್ಗುವವರುಂಟು. ಅದು ಓದುಗರ ಪಾಲಿನ ಗೆಲುವು. ಸತ್ತು 24 ವರ್ಷಗಳ ಮೇಲೆ ಬಂದ ನ್ಯಾಯವು ಗ್ರೋಸ್‌ಮನ್ನನಿಗೆ ಏನನ್ನು ಕೊಟ್ಟಿತು? ಪೊಲೀಸರು ಒಯ್ದ ಕಾಗದಗಳಾದರೋ ಅವರ ಉಗ್ರಾಣದಿಂದ ಹೊರಬಂದುದು 2013ರಲ್ಲಿ.